ಟೀಮ್ ಬ್ರಿಡ್ಜ್‌ನಲ್ಲಿ ಗೇಮ್ ಕರೆಯಲು ಹೆದರಬೇಡಿ

ಉಡುಪಿ, ಸುರತ್ಕಲ್ ಕಡೆಯಿಂದ ಹೊಸದಾಗಿ ಮಂಗಳೂರಿನ ನಮ್ಮ ಟೀಮ್ ಆಟಕ್ಕೆ ಬರುವವರಿಗೆ ಒಂದು ಮಾತು. ಜೋಡಿ ಆಟದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಟೀಮ್ ಆಟದಲ್ಲಿ ಅದೇ ಎಲೆಗಳನ್ನು ಎರಡು ಟೇಬಲ್‌ಗಳಲ್ಲಿ ಆಡಿ, ಅಂಕಗಳ ವ್ಯತ್ಯಾಸವನ್ನು ಐಎಂಪಿ ಎಂಬ ಪಾಯಿಂಟ್‌ಗಳಿಗೆ ಬದಲಿಸುತ್ತಾರೆ. ಗೇಮ್ ಅಂದರೆ ಗೆದ್ದರೆ ದೊಡ್ಡ ಬೋನಸ್ ಸಿಗುವ ಕರೆ.

ನೀವು ವಲ್ನರಬಲ್ (ಬೋನಸ್ಸೂ ದಂಡವೂ ಹೆಚ್ಚಿರುವ ಸ್ಥಿತಿ), ಕೈ ನಾಲ್ಕು ಇಸ್ಪೀಟಿಗೆ (ಇಸ್ಪೀಟು ತುರುಫು, ಹತ್ತು ಟ್ರಿಕ್ ಅಂದರೆ ಹತ್ತು ಸುತ್ತು ಗೆಲ್ಲಬೇಕು) ಆಗುತ್ತೋ ಇಲ್ವೋ ಅನ್ನುವಂತಿದೆ. ಕರೆದು ಗೆದ್ದರೆ 620. ಆಚೆ ಟೇಬಲ್‌ನವರು ಮೂರಕ್ಕೇ ನಿಂತಿದ್ದರೆ ಅವರಿಗೆ 170. ವ್ಯತ್ಯಾಸ 450, ಅಂದರೆ 10 ಐಎಂಪಿ. ಒಂದು ಟ್ರಿಕ್ ಕಡಿಮೆಯಾಗಿ ಸೋತರೆ ಹೋಗುವುದು 6 ಮಾತ್ರ. ನೂರರಲ್ಲಿ 38 ಸಲ ಗೆದ್ದರೂ ಲಾಭವೇ. ವಲ್ನರಬಲ್ ಅಲ್ಲದಿದ್ದರೆ ಗೆದ್ದರೆ 6, ಸೋತರೆ 5. ಆಗ ಸ್ವಲ್ಪ ಯೋಚಿಸಿ.

ಆಡುವಾಗ ಮಾತ್ರ ಉಲ್ಟಾ, ಜಿಪುಣರಾಗಿ. ಮೂರು ನೋ ಟ್ರಂಪ್ (ತುರುಫು ಇಲ್ಲದೆ ಒಂಬತ್ತು ಟ್ರಿಕ್) ಆಡುತ್ತಿದ್ದೀರಿ. ಡಮ್ಮಿಯಲ್ಲಿ (ಮೇಜಿನ ಮೇಲೆ ತೆರೆದಿಟ್ಟ ಜೊತೆಗಾರನ ಕೈಯಲ್ಲಿ) ಡೈಮಂಡಿನ ಎಕ್ಕ, ರಾಜ, ರಾಣಿ, ಜೊತೆಗೆ ಎರಡು ಸಣ್ಣ ಎಲೆ. ನಿಮ್ಮ ಕೈಯಲ್ಲಿ ಎರಡೇ ಸಣ್ಣವು. ಡಮ್ಮಿಗೆ ಹೋಗಲು ಬೇರೆ ದಾರಿ ಇಲ್ಲ, ಬೇಕಿರುವುದು ನಾಲ್ಕು ಟ್ರಿಕ್. ಉಳಿದ ಬಣ್ಣಗಳು ಭದ್ರವಾಗಿದ್ದರೆ ಮೊದಲ ಸುತ್ತು ಎರಡೂ ಕಡೆಯಿಂದ ಸಣ್ಣದು ಹಾಕಿ ಬಿಟ್ಟುಬಿಡಿ. ಎದುರಾಳಿಗಳ ಆರು ಎಲೆ 3-3 ಆಗುವುದು 36%, 4-2 ಆಗುವುದು 48%. ಎಕ್ಕದಿಂದಲೇ ಶುರು ಮಾಡಿದರೆ 4-2 ಇದ್ದಾಗ ಮೂರೇ ಟ್ರಿಕ್, ಆಟ ಮುಗೀತು. ಬಿಟ್ಟುಕೊಟ್ಟರೆ ಎರಡರಲ್ಲೂ ನಾಲ್ಕು ಸಿಗುತ್ತದೆ. 3-3 ಇದ್ದರೆ ಒಂದು ಹೆಚ್ಚಿನ ಟ್ರಿಕ್ ಹೋಗಬಹುದು, ಅದರ ಬೆಲೆ 1 ಐಎಂಪಿ. ಇಪ್ಪತ್ತೆಂಟು ಎಂಬ ಎಲೆಯಾಟ ಆಡಿ ಬಂದವರಿಗೆ ಮಾತ್ರ ಎಕ್ಕ ಕೈಯಲ್ಲಿಟ್ಟು ಸುಮ್ನೆ ಕೂರುವುದು ಕಷ್ಟ, ಅಲ್ವಾ?

ಇನ್ನೊಂದು, ಎದುರಾಳಿಯ ಎರಡು ಇಸ್ಪೀಟನ್ನು ಸಿಟ್ಟಿಗೆ ಡಬಲ್ (ಅವರು ಸೋಲುತ್ತಾರೆಂದು ಪಣ ಏರಿಸುವ ಕರೆ) ಮಾಡಬೇಡಿ. ವಲ್ನರಬಲ್ ಆಗಿ ಗೆದ್ದರೆ ಅವರಿಗೆ 670.