ರೋಯಿಂಗ್‌ಗೆ ಮಗನನ್ನು ಕಳಿಸಬೇಕೆನ್ನುವ ಮಂಡ್ಯದ ಅಪ್ಪಂದಿರಿಗೆ

ದಸರಾ ರಜೆಯಲ್ಲಿ ಪಾಂಡವಪುರದ ಕಡೆಯವರೊಬ್ಬರು ಒಂಬತ್ತನೇ ತರಗತಿಯ ಮಗನನ್ನು ಕರೆದುಕೊಂಡು ಮೈಸೂರಿನ ನನ್ನ ಮನೆಗೆ ಬಂದರು. ‘ಸುಬೇದಾರರೇ, ಇವನ ರಟ್ಟೆ ನೋಡಿ’ ಎಂದು ಹುಡುಗನ ತೋಳು ಮಡಚಿಸಿ ತೋರಿಸಿದರು. ನಾನು ರಟ್ಟೆ ಮುಟ್ಟಲಿಲ್ಲ. ಕುಕ್ಕರಗಾಲಿನಲ್ಲಿ ಕೂರಲು ಹೇಳಿದೆ. ಹಿಮ್ಮಡಿ ನೆಲ ಬಿಡದಂತೆ ಕೂತ. ಹುಡುಗ ಆಗಬಹುದು ಎನ್ನಿಸಿತು.

ಹರಿಗೋಲಿನ ಅಂಬಿಗನಿಗೆ ರಟ್ಟೆಯೇ ಆಸ್ತಿ. ರೋಯಿಂಗ್ ದೋಣಿಯಲ್ಲಿ ಹಾಗಲ್ಲ. ಕೂರುವ ಮಣೆಗೆ ಗಾಲಿ ಇರುತ್ತದೆ, ಬಲವೆಲ್ಲ ತೊಡೆಯಿಂದ ಬರಬೇಕು. ಮೊದಲು ಕಾಲಿನಿಂದ ಒದೆಯಿರಿ, ಆಮೇಲೆ ಬೆನ್ನು ವಾಲಿಸಿ, ಕಡೆಗೆ ಕೈ ಎಳೆಯಿರಿ. ಮುಂದಕ್ಕೆ ಬರುವಾಗ ಇದೇ ತಿರುಗುಮುರುಗು: ಕೈ, ಬೆನ್ನು, ಕಾಲು. ಕೈ ಮೊಣಕಾಲು ದಾಟುವ ಮೊದಲೇ ಮಂಡಿ ಮೇಲೆದ್ದರೆ ಹುಟ್ಟಿನ ಹಿಡಿ ಮಂಡಿಗೇ ಬಡಿಯುತ್ತದೆ.

ಎಲ್ಲಕ್ಕಿಂತ ಮೊದಲು ಈಜು. ದಯವಿಟ್ಟು ವಿ.ಸಿ. ನಾಲೆಯಲ್ಲಿ ಕಲಿಸಬೇಡಿ, ಆ ಸೆಳೆತ ಎಷ್ಟು ಮನೆಗಳ ದೀಪ ಆರಿಸಿದೆ ಎಂಬುದು ನಿಮಗೇ ಗೊತ್ತು. ಸರಸ್ವತಿಪುರಂನಲ್ಲಿ ವಿಶ್ವವಿದ್ಯಾಲಯದ ಈಜುಕೊಳವಿದೆ. ಬಟ್ಟೆ ತೊಟ್ಟೇ ಈಜುವುದು ಬರಬೇಕು, ಏಕೆಂದರೆ ದೋಣಿ ಮಗುಚುವಾಗ ಯಾರೂ ಚಡ್ಡಿಗೆ ಇಳಿದಿರುವುದಿಲ್ಲ. ಒಬ್ಬನೇ ಎರಡು ಹುಟ್ಟು ಹಾಕುವ ‘ಸಿಂಗಲ್ ಸ್ಕಲ್’ ದೋಣಿ ಸುಮಾರು 8 ಮೀಟರ್ ಉದ್ದ, ಕನಿಷ್ಠ ತೂಕ ಬರೀ 14 ಕಿಲೊ. ಒಂದು ಸೀನಿಗೂ ವಾಲುವಂಥದ್ದು.

ಎರಡನೆಯದು ಎರ್ಗೋಮೀಟರ್, ಜಿಮ್‌ಗಳಲ್ಲಿರುವ ರೋಯಿಂಗ್ ಯಂತ್ರ. ಹುಡುಗರು ಅದರ ಪಕ್ಕದಲ್ಲಿರುವ, ಎಳೆತದ ಭಾರ ಹೊಂದಿಸುವ ಸನ್ನೆಯನ್ನು ನೇರವಾಗಿ ಹತ್ತಕ್ಕೇ ತಳ್ಳುತ್ತಾರೆ. ಮೂರರಿಂದ ಐದರ ನಡುವೆ ಇಡಿ. ನಿಮಿಷಕ್ಕೆ 18–20 ಸಲ ಎಳೆಯುತ್ತಾ, ಮಾತಾಡುವಷ್ಟು ಉಸಿರು ಉಳಿಸಿಕೊಂಡು 40 ನಿಮಿಷ ಮಾಡಲಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಮುಂದೆ ಆಯ್ಕೆಗಾರರು ಮೊದಲು ಕೇಳುವುದು ಇದರ ಮೇಲಿನ 2000 ಮೀಟರ್ ಸಮಯವನ್ನೇ.

ನೀರಿಗೆ ಇಳಿಯುವ ದಾರಿ? ಮೈಸೂರಿನಲ್ಲಿ ಎನ್‌ಸಿಸಿ ನೌಕಾ ದಳಕ್ಕೆ ಸೇರಿದರೆ ಭಾರದ ದೋಣಿಯಲ್ಲಾದರೂ ಹುಟ್ಟು ಹಾಕುವ ಲಯ ಸಿಗುತ್ತದೆ. ಕ್ರೀಡಾ ಪ್ರಾಧಿಕಾರದ ರೋಯಿಂಗ್ ಕೇಂದ್ರ ಕೇರಳದ ಆಲಪ್ಪುಳದಲ್ಲಿದೆ. ನನ್ನ ದಾರಿ ಸೇನೆಯದ್ದು. ರೋಯಿಂಗ್ ಪಟು ದತ್ತು ಭೋಕನಾಳ್ ಕೂಡ ನಾಸಿಕ್ ಜಿಲ್ಲೆಯ ಬರದ ಹಳ್ಳಿಯಿಂದ ಸೇನೆಗೆ ಬಂದ ಮೇಲೆಯೇ ಹುಟ್ಟು ಹಿಡಿದವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 13ನೇ ಸ್ಥಾನ ಪಡೆದರು. ಆದ್ದರಿಂದ ಹದಿನೈದಕ್ಕೆ ತಡವಾಯಿತೆಂದು ಕೊರಗಬೇಡಿ. 18 ತುಂಬುವ ವರ್ಷದ ಡಿಸೆಂಬರ್ 31ರವರೆಗೂ ಅವನು ಜೂನಿಯರ್. ಜನನ ಪ್ರಮಾಣಪತ್ರ ಮತ್ತು ಶಾಲಾ ದಾಖಲೆಯಲ್ಲಿ ತಾರೀಖು ಒಂದೇ ಇದೆಯೇ, ಇವತ್ತೇ ನೋಡಿ.

ಅಲ್ಲಿಂದ ಮುಂದೆ ರಾಜ್ಯ ತಂಡ, ರಾಷ್ಟ್ರೀಯ ಕೂಟ, ಶಿಬಿರ, ಆಯ್ಕೆಯ ಟ್ರಯಲ್ಸ್. ನಾನು ನಿಂತದ್ದು ಆ ಕೊನೆಯ ಮೆಟ್ಟಿಲಲ್ಲಿ. ಗುರಿಗೆ 200 ಮೀಟರ್ ಇತ್ತು. ಗೆಲ್ಲುವ ಆತುರದಲ್ಲಿ ಹಿಡಿಯನ್ನು ಬಿಗಿಯಾಗಿ ಹಿಸುಕಿದೆ. ನೀರಿನಿಂದ ಎತ್ತುವ ಮೊದಲೇ ಹುಟ್ಟಿನ ಅಲಗು ಅಡ್ಡ ತಿರುಗಿ ಒಳಗೆ ಸಿಕ್ಕಿಕೊಂಡಿತು. ಹಿಡಿ ಪಕ್ಕೆಗೆ ಗುದ್ದಿತು, ದೋಣಿ ನಿಂತೇಬಿಟ್ಟಿತು. ಇದಕ್ಕೆ ಕ್ರ್ಯಾಬ್ ಎನ್ನುತ್ತಾರೆ. ಅಂದಿನಿಂದ ಹುಡುಗರಿಗೆ ಹೇಳುವುದಿಷ್ಟೇ: ಹುಟ್ಟನ್ನು ಬೆರಳುಗಳ ಕೊಕ್ಕೆಯಲ್ಲಿ ತೂಗುಹಾಕಿ, ಅಂಗೈಯಲ್ಲಿ ಹಿಸುಕಬೇಡಿ. ಬೊಬ್ಬೆ ಅಂಗೈಯ ಮಧ್ಯದಲ್ಲಿ ಎದ್ದಿದ್ದರೆ ಹಿಡಿತ ತಪ್ಪು. ಬೆರಳ ಬುಡದಲ್ಲಿ ಎದ್ದಿದ್ದರೆ ಸರಿ.

ಇನ್ನೊಂದು ವಿಷಯ. ಸಣಕಲು ಹುಡುಗರಿಗೆ ಆಸರೆಯಾಗಿದ್ದ ಲೈಟ್‌ವೇಟ್ (ತೂಕದ ಮಿತಿಯ) ವಿಭಾಗ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೇ ಮುಗಿಯಿತು. 2028ರ ಒಲಿಂಪಿಕ್ಸ್‌ನಲ್ಲಿ ಅದಿಲ್ಲ. ಹಾಗಾಗಿ ಮುದ್ದೆ, ಮೊಟ್ಟೆ, ಕಾಳಿನ ಸಾರು ಹೊಟ್ಟೆ ತುಂಬ ಉಣ್ಣಲಿ. ತೂಕ ಇಳಿಸುವ ಹುಚ್ಚು ಬೇಡ.

ಪಾಂಡವಪುರದ ಹುಡುಗ ಈಗ ಭಾನುವಾರಗಳಂದು ಕೊಳಕ್ಕೆ ಬರುತ್ತಾನೆ. ನಾನು 400 ಮೀಟರ್ ಕೇಳಿದ್ದೇನೆ, 150ಕ್ಕೆ ಬಂದಿದ್ದಾನೆ. ದೋಣಿ ಯಾವಾಗ ಎಂದು ಅವನು ಕೇಳುವುದಿಲ್ಲ. ಅವನ ಅಪ್ಪ ವಾರಕ್ಕೆರಡು ಸಲ ಫೋನ್ ಮಾಡಿ ಕೇಳುತ್ತಾರೆ.