ವಿಯೆನ್ನಾದಲ್ಲಿ ನಿಂತು ಮೊಜಾರ್ಟ್ ಕೇಳುವುದು: ನನ್ನ ಅನುಭವ

ವಿಯೆನ್ನಾದ ಹೆಸರಾಂತ ಸಂಗೀತ ಕಟ್ಟಡ ಮ್ಯೂಸಿಕ್‌ಫೆರೈನ್‌ಗೆ ಟಿಕೆಟ್ ಕೊಳ್ಳುವಾಗ ಮೊದಲು ಸಭಾಂಗಣದ ಹೆಸರು ನೋಡುತ್ತೇನೆ. 1870ರ ಚಿನ್ನದ ಸಭಾಂಗಣವೇ ಬೇಕಿದ್ದರೆ ಟಿಕೆಟ್ಟಿನಲ್ಲಿ ‘ಗ್ರೋಸರ್ ಜಾಲ್’ (ದೊಡ್ಡ ಸಭಾಂಗಣ) ಎಂದಿರಬೇಕು. ಅದೇ ಕಟ್ಟಡದಲ್ಲಿ ಬ್ರಾಮ್ಸ್ ಸಭಾಂಗಣವಿದೆ, 2004ರಲ್ಲಿ ನೆಲದಡಿ ತೆರೆದ ಇನ್ನೂ ನಾಲ್ಕು ಚಿಕ್ಕವಿವೆ. ಆಮೇಲೆ, ಕೃತಿ ಇಡಿಯಾಗಿ ಇದೆಯೇ ಎಂದು ನೋಡುತ್ತೇನೆ. ಬೀದಿಯಲ್ಲಿ ವಿಗ್ ತೊಟ್ಟವರು ಮಾರುವ ಟಿಕೆಟ್ಟಿಗೆ ಸಾಮಾನ್ಯವಾಗಿ ಸಿಂಫನಿಯ (ವಾದ್ಯವೃಂದದ ದೊಡ್ಡ ಕೃತಿ) ಒಂದು ಚೂರು, ಅಪೆರಾದ ಒಂದು ಹಾಡು, ಇಷ್ಟೇ ಸಿಗುವುದು.

ಚಿನ್ನದ ಸಭಾಂಗಣದ ಸುಮಾರು 1,700 ಆಸನಗಳ ಹಿಂದೆ ಸುಮಾರು 300 ಜನ ನಿಲ್ಲುವ ಜಾಗವಿದೆ. ನಾನು ಕೊಳ್ಳುವುದು ಅದನ್ನೇ. ಅಗ್ಗ, ನಾದಕ್ಕೂ ಕೊರತೆಯಿಲ್ಲ. ಮುಂಚೂಣಿಯಲ್ಲಿ ನಿಂತರೆ ಕಟಕಟೆಗೆ ಒರಗಬಹುದು. ತಡವಾದರೆ ಎತ್ತರದವರ ಬೆನ್ನೇ ದರ್ಶನ. 7.30ರ ಕಛೇರಿಗೆ 6.45ಕ್ಕೇ ಹೋಗಿ, ಕೋಟು, ಬೆನ್ನುಚೀಲ ಎರಡನ್ನೂ ಗಾರ್ಡರೋಬ್‌ನಲ್ಲಿ (ಸಾಮಾನು ಇಡುವ ಕೌಂಟರು) ಕೊಡುತ್ತೇನೆ. ಕೆಮ್ಮಿನ ಗುಳಿಗೆಯ ಕಾಗದ ಹೊರಗೇ ಬಿಚ್ಚಿಟ್ಟುಕೊಳ್ಳಬೇಕು. ಆ ಸಭಾಂಗಣದಲ್ಲಿ ಸರಪರ ಸದ್ದೂ ಚೆನ್ನಾಗಿಯೇ ಕೇಳುತ್ತದೆ!

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿ ಎಡವುವುದು ಶ್ರುತಿಯಲ್ಲಿ. ಓಬೋ ಎಂಬ ಊದುವ ವಾದ್ಯ ಒಂದು ಸ್ವರ ಹಿಡಿಯುತ್ತದೆ, ಎಲ್ಲರೂ ಅದಕ್ಕೆ ಶ್ರುತಿ ಮಾಡಿಕೊಳ್ಳುತ್ತಾರೆ, ಆಮೇಲೆ ಅದು ಮೌನ. ತಂಬೂರಿಯಂತೆ ಹಿಂದೆ ನಿಲ್ಲುವುದಿಲ್ಲ, ಯಾಕೆಂದರೆ ಇಲ್ಲಿ ಷಡ್ಜವೇ ಜಾಗ ಬಿಟ್ಟು ಹೋಗುತ್ತದೆ. ಮೊಜಾರ್ಟ್‌ನ 40ನೇ ಸಿಂಫನಿ (1788) ಜಿ ಮೈನರ್‌ನಲ್ಲಿ, ಅಂದರೆ ಜಿ ಸ್ವರವೇ ಷಡ್ಜವಾದ ವಿಷಾದದ ಶ್ರೇಣಿಯಲ್ಲಿ, ಶುರುವಾಗುತ್ತದೆ. ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾಗಳ ಮೆಲುನಡುಕ ಮೊದಲು, ರಾಗದ ಎಳೆ ಆಮೇಲೆ. ಎರಡನೆಯ ಎಳೆ ಬರುವ ಹೊತ್ತಿಗೆ ಮನೆ (ಷಡ್ಜ) ಬದಲಾಗಿ ಬಿ ಫ್ಲ್ಯಾಟ್ ಮೇಜರ್, ಹೆಚ್ಚು ಉಲ್ಲಾಸದ ಶ್ರೇಣಿ. ನಠಭೈರವಿಯ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ ಸಿಗುವ ಗ್ರಹಭೇದವೇ ಇದು. ವ್ಯತ್ಯಾಸವೆಂದರೆ, ಅಲ್ಲಿ ಕ್ಷಣದ ಚಮತ್ಕಾರ, ಇಲ್ಲಿ ಸಂಸಾರವೇ ಅಲ್ಲಿಗೆ ವಾಸ ಬದಲಿಸುತ್ತದೆ. ಕೊನೆಗೆ ಅದೇ ಎರಡನೆಯ ಎಳೆ ಜಿ ಮೈನರ್‌ನಲ್ಲಿ ಮರಳುತ್ತದೆ. ಆಗ ಮುಖ ಕಳೆಗುಂದಿದ್ದು ಗೊತ್ತಾಗದಿದ್ದರೆ ಮೊದಲ ಭಾಗ ಬರೀ ಪುನರಾವರ್ತನೆ ಅನ್ನಿಸುತ್ತದೆ. ಹೋಗುವ ಮುಂಚೆ ಈ ಎರಡು ಜಾಗಗಳನ್ನು ಮಾತ್ರ ಧ್ವನಿಮುದ್ರಿಕೆಯಲ್ಲಿ ಎರಡೆರಡು ಸಲ ಕೇಳುತ್ತೇನೆ. ಇಡೀ ಸಿಂಫನಿ ಉರುಹೊಡೆಯುವುದಕ್ಕಿಂತ ಇದು ಹೆಚ್ಚು ಉಪಯೋಗ. ಈ ಕೃತಿಯಲ್ಲಿ ಟ್ರಂಪೆಟ್ಟೂ ಇಲ್ಲ, ಟಿಂಪನಿ ಎಂಬ ದೊಡ್ಡ ಭೇರಿಯೂ ಇಲ್ಲ, ಅಬ್ಬರಕ್ಕೆ ಕಾಯಬೇಡಿ.

ಕಾನ್ಚೆರ್ಟೊ (ಒಂಟಿ ವಾದಕರು ವಾದ್ಯವೃಂದದೊಡನೆ ನುಡಿಸುವ ಕೃತಿ) ಇದ್ದರೆ ಅದರೊಳಗಿನ ಕಡೆನ್ಜಾ ನಮಗೆ ಸಲೀಸು: ವಾದ್ಯವೃಂದ ನಿಲ್ಲುತ್ತದೆ, ತನಿ ಆವರ್ತನದ ಹಾಗೆ ಒಬ್ಬರದೇ ಆಟ, ಕೊನೆಗೆ ದೀರ್ಘ ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಗಳ ವೇಗದ ಅಲುಗಾಟ) ಕೇಳಿದರೆ ಸಾಮಾನ್ಯವಾಗಿ ಎಲ್ಲರೂ ಮರಳುವ ಹೊತ್ತಾಯಿತೆಂದು ಅರ್ಥ.

ಚಪ್ಪಾಳೆಗೆ ಭಾಗ ಎಣಿಸಬೇಕು. ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು: ವೇಗ, ವಿಳಂಬ, ಮಿನ್ಯುಯೆಟ್ ಎಂಬ ಮೂರೆಣಿಕೆಯ ಕುಣಿತ, ಕೊನೆಯ ಓಟ. ಕಾನ್ಚೆರ್ಟೊಗೆ ಮೂರು. ನಡುವೆ ಕೆಮ್ಮಬಹುದು, ತಟ್ಟುವಂತಿಲ್ಲ. ಮೊಜಾರ್ಟ್‌ಗೆ ಇದು ವಿಚಿತ್ರ ಎನಿಸುತ್ತಿತ್ತೇನೋ. 1778ರಲ್ಲಿ ಪ್ಯಾರಿಸ್‌ನಲ್ಲಿ ಜನ ಭಾಗದ ನಡುವೆಯೇ ತಟ್ಟಿದ್ದನ್ನು ಅಪ್ಪನಿಗೆ ಖುಷಿಯಿಂದ ಬರೆದಿದ್ದಾನೆ. ವಾದ್ಯವೃಂದವನ್ನು ನಡೆಸುವ ನಿರ್ವಾಹಕರ ಕೈ ಪೂರ್ತಿ ಕೆಳಗಿಳಿಯುವ ತನಕ ಕಾಯುವುದು ನನ್ನ ಲೆಕ್ಕ.

ಮೊಜಾರ್ಟ್‌ನ ಸಮಕಾಲೀನ ಸಂಗೀತಕಾರ ಹೈಡನ್‌ನ 90ನೇ ಸಿಂಫನಿಗೆ ಆ ಲೆಕ್ಕವೂ ಸಾಲದು. ಕೊನೆಯ ಭಾಗ ಸಿ ಮೇಜರ್‌ನಲ್ಲಿ ಭರ್ಜರಿಯಾಗಿ ಮುಗಿದಂತಾಗಿ, ನಾಲ್ಕು ಬಾರ್ (ತಾಳದ ಆವರ್ತದಂಥ ಅಳತೆ) ಪೂರ್ತಿ ಮೌನ. ತಟ್ಟಿದವರು ಸಿಕ್ಕಿಬಿದ್ದರು: ಷಡ್ಜ ಅರ್ಧ ಸ್ವರ ಮೇಲೇರಿ ಸಂಗೀತ ಮತ್ತೆ ಹೊರಡುತ್ತದೆ. ತುಂಟ ನಿರ್ವಾಹಕರು ಕೈ ಇಳಿಸಿಯೂ ಮೋಸ ಮಾಡುತ್ತಾರೆ, ಪುನರಾವರ್ತನೆ ನುಡಿಸಿದರೆ ಎರಡು ಸಲ.