ಕಾಳಾಂಜಿಗೆ ಮುಳುಗುವ ಲೂರ್: ತೂಕ, ಎಣಿಕೆ, ಎಳೆತ

ಅಂಗಡಿಯಲ್ಲಿ ಲೂರ್, ಅಂದರೆ ಮೀನನ್ನು ಸೆಳೆಯುವ ಕೃತಕ ಎರೆ, ಆರಿಸುವಾಗ ಕಣ್ಣು ಮೊದಲು ಹೋಗುವುದು ಬಣ್ಣದ ಕಡೆಗೆ. ಮುಳುಗುವ ಲೂರಿನಲ್ಲಿ ಬಣ್ಣ ಕೊನೆಯ ಮಾತು. ತೂಕ ಎಷ್ಟು, ಎಷ್ಟು ಬೇಗ ಇಳಿಯುತ್ತದೆ ಎಂಬುದೇ ಮುಖ್ಯ. ಕಾಳಾಂಜಿ, ಅಂದರೆ ಏಷ್ಯನ್ ಸೀ ಬಾಸ್, ಬಿಸಿಲಿರುವಾಗ ಸೇತುವೆ ಕಂಬದ ಬುಡದಲ್ಲೋ ಕಲ್ಲಿನ ಸಂದಿಯಲ್ಲೋ ಕಾಂಡ್ಲದ (ಮ್ಯಾಂಗ್ರೋವ್) ಬೇರಿನ ಪಕ್ಕದ ಗುಂಡಿಯಲ್ಲೋ ಅಡಗಿ ನಿಲ್ಲುತ್ತದೆ. ಕಾಸರಗೋಡಿನ ಚಂದ್ರಗಿರಿ, ಶಿರಿಯ, ಮೊಗ್ರಾಲ್, ಯಾವ ಹೊಳೆಯ ಅಳಿವೆಯಾದರೂ ಹೀಗೆಯೇ. ಮೇಲೆ ಬಂದು ಬೇಟೆಯಾಡುವುದು ಹೆಚ್ಚಾಗಿ ಮುಸ್ಸಂಜೆಯ ನಂತರ. ಉಳಿದ ಹೊತ್ತಿನಲ್ಲಿ ಲೂರೇ ಅದಿರುವ ಆಳಕ್ಕೆ ಹೋಗಬೇಕು.

ಮೂರು ಬಗೆ ಸಾಕು. ಒಂದು, ಜಿಗ್ ಹೆಡ್‌ಗೆ, ಅಂದರೆ ಭಾರದ ತಲೆಯಿರುವ ಗಾಳಕ್ಕೆ, ಪೋಣಿಸಿದ 4 ಇಂಚಿನ ರಬ್ಬರ್ ಮೀನು. ಇನ್ನೊಂದು, ಬೆನ್ನ ಮೇಲೆ ಕೊಂಡಿಯಿರುವ, ಒಳಗೆ ಗುಂಡು ಗಲಗಲಿಸುವ ಲಿಪ್‌ಲೆಸ್, ಅಂದರೆ ಮೂತಿಯಲ್ಲಿ ತುಟಿಯಂಥ ಹಲಗೆಯಿಲ್ಲದ ಗಟ್ಟಿ ಲೂರ್. ಮತ್ತೊಂದು, 9-10 ಸೆಂ.ಮೀ. ಉದ್ದದ ಸಿಂಕಿಂಗ್ ಮಿನ್ನೋ, ಅಂದರೆ ಸಣ್ಣ ಮೀನಿನಾಕಾರದ ಮುಳುಗುವ ಗಟ್ಟಿ ಲೂರ್. ಹೊಸಬರು ರಬ್ಬರ್ ಮೀನಿನಿಂದಲೇ ಶುರುಮಾಡುವುದು ಒಳ್ಳೆಯದು. ಅದರಲ್ಲಿ ಒಂದೇ ಗಾಳ, ಅದೂ ಮೇಲ್ಮುಖ. ಬೇರಿಗೆ ಸಿಕ್ಕುವುದು ಕಡಿಮೆ, ಸಿಕ್ಕಿ ಹೋದರೂ ಜೇಬಿಗೆ ಅಷ್ಟು ನೋವಿಲ್ಲ. ಎರಡು ಮೀಟರ್ ಆಳದ ನಿಧಾನ ನೀರಿಗೆ 10-14 ಗ್ರಾಂ, ಮೂರು ನಾಲ್ಕು ಮೀಟರ್ ಆಳವಿದ್ದು ಸೆಳೆತವೂ ಇದ್ದರೆ 18-28 ಗ್ರಾಂ. ಮಳೆಗಾಲದ ಕೆಂಪು ನೀರಿಗೆ ಸದ್ದು ಮಾಡುವ ಲೂರ್, ಕಪ್ಪು ಅಥವಾ ಕಣ್ಣು ಕುಕ್ಕುವ ಬಣ್ಣ. ತಿಳಿನೀರಿಗೆ ಬೆಳ್ಳಿ ಬಣ್ಣ. ಬಣ್ಣದ ವಿಚಾರ ಇಷ್ಟೇ.

ನೂಲು 20-30 ಪೌಂಡ್ ಬ್ರೇಡ್ (ಹೆಣೆದ ನೂಲು), ಅದರ ತುದಿಗೆ ಒಂದು ಮಾರು ಉದ್ದದ 40-50 ಪೌಂಡ್ ಲೀಡರ್ (ಉಜ್ಜಾಟ ತಡೆಯುವ ದಪ್ಪ ನೂಲು). ಲೀಡರ್ ಬೇಡವೆಂದರೆ ಕಾಳಾಂಜಿಯ ಉಪ್ಪುಕಾಗದದಂಥ ಬಾಯಿ, ಕತ್ತಿಯಂಥ ಕಿವಿರಿನ ಅಂಚು, ಕಂಬಕ್ಕೆ ಅಂಟಿದ ಚಿಪ್ಪು ಇವುಗಳಲ್ಲಿ ಯಾವುದಾದರೊಂದು ಬ್ರೇಡನ್ನು ಕೊಯ್ಯುವುದು ಖಂಡಿತ. ಲೂರಿಗೆ ಕುಣಿಕೆ ಗಂಟು ಹಾಕಿ. ಬಿಗಿ ಗಂಟು ಬಿದ್ದರೆ ಅದರ ಅಲುಗಾಟ ಸಾಯುತ್ತದೆ. ಬ್ರೇಡ್ ದಪ್ಪವಾದಷ್ಟೂ ಲೂರ್ ನಿಧಾನವಾಗಿ ಇಳಿಯುತ್ತದೆ ಎಂಬುದೂ ನೆನಪಿರಲಿ.

ಇನ್ನು ಎಣಿಕೆ. ಎಸೆದ ಲೂರ್ ನೀರು ಮುಟ್ಟಿದ ಕೂಡಲೇ ನೂಲು ಹೊರಹೋಗದಂತೆ ರೀಲಿನ ಬಾಗುತಂತಿ (ಬೇಲ್) ಮುಚ್ಚಿ, ‘ಒಂದು, ಎರಡು’ ಎಂದು ಸೆಕೆಂಡಿಗೊಂದರಂತೆ ಎಣಿಸಿ. ನೂಲು ಒಮ್ಮೆಲೇ ಸಡಿಲವಾದರೆ ಅದು ತಳ. ಎಂಟಕ್ಕೆ ತಳ ಸಿಕ್ಕಿತು ಅನ್ನಿ. ಮುಂದಿನ ಎಸೆತದಲ್ಲಿ ಆರಕ್ಕೇ ಎಳೆಯಲು ಶುರುಮಾಡಿ. ಏನೂ ಮುಟ್ಟದಿದ್ದರೆ ಏಳು, ಆಮೇಲೆ ಐದು. ಉಬ್ಬರ ಏರಿದಂತೆ, ಇಳಿತ ಇಳಿದಂತೆ ಈ ಲೆಕ್ಕ ಬದಲಾಗುತ್ತದೆ, ಆಗಾಗ ಮತ್ತೆ ತಳ ಮುಟ್ಟಿಸಿ ನೋಡಬೇಕು. ಸೆಳೆತವಿದ್ದರೆ ನೀರು ಬರುವ ದಿಕ್ಕಿಗೆ ಓರೆಯಾಗಿ ಎಸೆಯಿರಿ. ನೀರು ಹರಿದುಹೋಗುವ ಕಡೆಗೆ ಎಸೆದರೆ ಸೆಳೆತ ನೂಲನ್ನು ಬಿಗಿದು ಲೂರನ್ನು ಮೇಲಕ್ಕೆತ್ತುತ್ತದೆ, ಎಣಿಸಿದ್ದೆಲ್ಲ ನೀರುಪಾಲು.

ಹೆಚ್ಚಿನವರು ಎಡವುವುದು ಎಳೆತದಲ್ಲಿ. ಜೋರಾಗಿ ರೀಲ್ ತಿರುಗಿಸಿದರೆ ಮುಳುಗುವ ಲೂರೂ ತೇಲುವ ಲೂರಿನಂತೆ ಮೇಲೇ ಬರುತ್ತದೆ. ರಾಡ್ ತುದಿ ನೀರಿನ ಕಡೆ ಬಗ್ಗಿರಲಿ. ಎರಡು ಮೂರು ಸುತ್ತು ನಿಧಾನ, ಒಂದು ಸಣ್ಣ ಎತ್ತು, ಮತ್ತೆ ಇಳಿಯಲು ಬಿಡಿ. ಮೀನು ಹಿಡಿಯುವುದು ಬಹುಪಾಲು ಈ ಇಳಿಯುವ ಹೊತ್ತಿನಲ್ಲೇ. ಹಾಗಾಗಿ ಇಳಿಯುವಾಗ ನೂಲು ಜೋತುಬೀಳದಂತೆ ರಾಡ್ ತುದಿಯನ್ನು ಲೂರಿನ ಜೊತೆಗೇ ಇಳಿಸಿ. ಜೋತುಬಿದ್ದರೆ ಮುಟ್ಟಿದ್ದೇ ಗೊತ್ತಾಗದು. ‘ಟಕ್’ ಎಂದರೆ ರೀಲ್ ಸುತ್ತುತ್ತಲೇ ಗಟ್ಟಿಯಾಗಿ ಎಳೆಯಿರಿ.

ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ನೂಲು ಬಿಟ್ಟುಕೊಡುವ ರೀಲಿನ ಬಿಗಿತ, ಬ್ರೇಡಿನ ಶಕ್ತಿಯ ಕಾಲು ಭಾಗದಷ್ಟಿರಲಿ. ಮೀನು ನೀರಿನಿಂದ ಹಾರಿ ತಲೆ ಕೊಡವಿದಾಗ ರಾಡ್ ತಗ್ಗಿಸಿ. ಭಾರದ ಲೂರ್ ಬೀಸಿದ ರಭಸಕ್ಕೆ ಗಾಳ ಕಳಚುವುದು ಆಗಲೇ. ಲೂರಿನ ಜೊತೆ ಬರುವ ತೆಳು ಮೂರುಕೊಂಡಿಯ ಗಾಳ ದೊಡ್ಡ ಮೀನಿಗೆ ನೆಟ್ಟಗಾಗುತ್ತದೆ, ದಪ್ಪ ತಂತಿಯದ್ದಕ್ಕೆ ಬದಲಿಸಿ. ಇದರಿಂದ ತೂಕವೂ ಹೆಚ್ಚುವುದರಿಂದ ಎಣಿಕೆಯನ್ನು ಹೊಸದಾಗಿ ನೋಡಿಕೊಳ್ಳಬೇಕು. ಈ ಮೀನು ಮೊದಲು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಜಾತಿಯದು. ತೀರಾ ದೊಡ್ಡವು ಮೊಟ್ಟೆಯಿಡುವ ಹೆಣ್ಣುಗಳೇ ಆಗಿರುವುದರಿಂದ ಬಿಟ್ಟುಬಿಡುವುದು ಲೇಸು.

ಲೂರ್ ಸಿಕ್ಕಿಕೊಂಡರೆ ಜಗ್ಗಬೇಡಿ, ಗಾಳ ಇನ್ನೂ ಆಳಕ್ಕೆ ಕಚ್ಚುತ್ತದೆ. ನೂಲು ಸಡಿಲಬಿಟ್ಟು, ಎದುರು ದಿಕ್ಕಿಗೆ ನಡೆದು, ಅಲ್ಲಿಂದ ಕುಲುಕಿ. ಬಿಡದಿದ್ದರೆ ಬ್ರೇಡನ್ನು ಒಂದು ಕೋಲಿಗೆ ಸುತ್ತಿ ಎಳೆದು ತುಂಡುಮಾಡಿ. ಕೈಗೆ ಸುತ್ತಿದರೆ ಬೆರಳು ಕೊಯ್ದುಹೋಗುತ್ತದೆ.